ಯು ಇಲ್ಲದ ಕ್ಯೂ

ಸ್ಕ್ರ್ಯಾಬಲ್ ಆಡುವವರಿಗೆ ಕ್ಯೂ ಅಕ್ಷರದ ಬಿಲ್ಲೆ ಕೈಗೆ ಬಂದರೆ ಖುಷಿಯೂ ಹೌದು, ಸಂಕಟವೂ ಹೌದು. ನೂರು ಬಿಲ್ಲೆಗಳಲ್ಲಿ ಕ್ಯೂ ಇರುವುದು ಒಂದೇ. ಅದಕ್ಕೆ 10 ಅಂಕ. ಆದರೆ ಇಂಗ್ಲಿಷಿನಲ್ಲಿ ಕ್ಯೂ ಬಂದ ಕಡೆ ಅದರ ಬೆನ್ನಿಗೇ ಯು ಬರಬೇಕು ಎಂಬುದು ಶಾಲೆಯಲ್ಲಿ ಕಲಿತ ಪಾಠ. ಯು ಬಿಲ್ಲೆಗಳಿರುವುದು ನಾಲ್ಕೇ. ಅವು ಸಿಗದಿದ್ದಾಗ ಆಟಗಾರರು ಪಟ್ಟಿಯ ಮೊರೆ ಹೋಗುತ್ತಾರೆ: ಕ್ಯೂ ಇರುವ, ಯು ಇಲ್ಲದ, ಐದಕ್ಷರದ ಪದಗಳು, ಅರ್ಥಸಹಿತ. 2021ರಲ್ಲಿ ವರ್ಡಲ್ ಬಂದ ಮೇಲಂತೂ ಐದಕ್ಷರದ ಪಟ್ಟಿಗಳಿಗೆ ಗಿರಾಕಿಗಳು ಹೆಚ್ಚಿದ್ದಾರೆ.

ಆ ಪಟ್ಟಿಯಲ್ಲಿ ಸಿಗುವ ಪದಗಳು ಯಾವುವು? ಫಕೀರ್, ತಲಾಖ್, ನಿಕಾಬ್, ಕನಾತ್. ಇಂಗ್ಲಿಷ್ ಮಾತೃಭಾಷೆಯವರಿಗೆ ಇವು ವಿಚಿತ್ರ ಪದಗಳು. ಕನ್ನಡಿಗರಿಗೆ ಮೊದಲ ಮೂರನ್ನು ಯಾರೂ ವಿವರಿಸಬೇಕಿಲ್ಲ. ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಹೊರಡುವ ಒಂದು ಕಕಾರವಿದೆ, ಅದರ ಹೆಸರು ಕಾಫ್. ರೋಮನ್ ಲಿಪಿಯಲ್ಲಿ ಅದಕ್ಕೆ ಕ್ಯೂ ಬಳಸುವುದು ರೂಢಿ. ಅಲ್ಲಿ ಯುವಿನ ಹಂಗಿಲ್ಲ. ಕನ್ನಡ ಆ ಭೇದವನ್ನು ಉಳಿಸಿಕೊಳ್ಳದೆ ಎಲ್ಲವನ್ನೂ ತನ್ನ ಕಕಾರಕ್ಕೆ ಹೊಂದಿಸಿಕೊಂಡಿತು. ಹಕ್ಕು, ಕಾನೂನು, ಫರಕು, ತಾಲ್ಲೂಕು – ಇವೆಲ್ಲ ಮೂಲದಲ್ಲಿ ಅದೇ ಕಾಫ್ ಅಕ್ಷರದ ಪದಗಳು.

ಇಷ್ಟು ಸಂಗತಿಯನ್ನು ಪಟ್ಟಿ ಹೇಳುವುದಿಲ್ಲ. ಅದರ ಮಟ್ಟಿಗೆ ಪದವೆಂದರೆ ಐದು ಮನೆಗಳು, ಎದುರಿಗೆ ಒಂದು ಸಾಲಿನ ಅರ್ಥ. ಕನಾತ್ ಎಂದರೆ ನೆಲದಡಿಯ ನೀರಿನ ಕಾಲುವೆ. ತಪ್ಪೇನೂ ಇಲ್ಲ. ಆದರೆ ಅಂಥ ಕಾಲುವೆಯೊಂದು ಬೀದರಿನ ನೌಬಾದಿನಲ್ಲಿದೆ. ಅಲ್ಲಿ ಅದಕ್ಕೆ ಕರೇಜ್ ಎನ್ನುತ್ತಾರೆ, ಸುರಂಗ ಬಾವಿ ಎಂದೂ ಕರೆಯುತ್ತಾರೆ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಬೀದರಿಗೆ ರಾಜಧಾನಿ ತಂದಾಗ, ಇರಾನಿನಿಂದ ಬಂದವರ ಜೊತೆಗೆ ಈ ವಿದ್ಯೆಯೂ ಬಂತು. ಎತ್ತರದ ಕಡೆ ಅಂತರ್ಜಲದ ನೆಲೆ ಹುಡುಕಿ, ಸಾಲಾಗಿ ಬಾವಿಗಳನ್ನು ತೋಡಿ, ಅವುಗಳ ತಳವನ್ನು ಸುರಂಗದಿಂದ ಜೋಡಿಸಿ, ಸಣ್ಣ ಇಳಿಜಾರಿನ ಬಲದಿಂದಲೇ ನೀರನ್ನು ಊರಿಗೆ ಹರಿಸುವ ಉಪಾಯ ಅದು. ಏತ ಬೇಡ, ಪಂಪು ಬೇಡ. ನೀರು ಬಿಸಿಲಿಗೆ ಆರುವ ಭಯವೂ ಇಲ್ಲ. ಇದನ್ನು ತಿಳಿದವರು ಕನಾತ್ ಎಂಬ ಪದವನ್ನು ಮತ್ತೆ ಮರೆಯುವುದು ಕಷ್ಟ. ಒಂದು ಸಾಲಿನ ಅರ್ಥ ಓದಿದವರು ಆಟ ಮುಗಿದ ಮೇಲೆ ನೆನಪಿಟ್ಟುಕೊಳ್ಳುವುದು ಕಷ್ಟ.

ಹಾಗೆಂದು ಆಟವನ್ನು ದೂರುವುದು ನ್ಯಾಯವಲ್ಲ. ಆಟಕ್ಕೆ ಅರ್ಥ ಬೇಕಿಲ್ಲ, ಅದು ಬೇಕೆಂದು ಆಟ ಹೇಳಿಯೂ ಇಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಭಾಷೆಯ ಸ್ಕ್ರ್ಯಾಬಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು, 2024ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲೂ ಗೆದ್ದರು. ಎರಡು ಭಾಷೆಯೂ ಅವರಿಗೆ ಮಾತನಾಡಲು ಬರುವುದಿಲ್ಲ. ಪದಪಟ್ಟಿಯನ್ನು ನೆನಪಿಟ್ಟುಕೊಂಡೇ ಗೆದ್ದರು. ಅದು ಅಸಾಧಾರಣ ಸಾಧನೆ. ಅದು ಭಾಷಾಜ್ಞಾನವೆಂದು ಅವರೂ ಹೇಳಿಕೊಂಡಿಲ್ಲ.

ತಕರಾರು ಇರುವುದು ಬೇರೆ ಕಡೆ. ಇದೇ ಪಟ್ಟಿಗಳನ್ನು ಮಕ್ಕಳ ಪದಸಂಪತ್ತು ಬೆಳೆಸುವ ಸಾಧನವೆಂದು ನಂಬಿ, ದಿನಕ್ಕೆ ಹತ್ತು ಪದವೆಂದು ಬಾಯಿಪಾಠ ಮಾಡಿಸುವ ಮನೆಗಳು ಪುಣೆಯಲ್ಲೂ ಇವೆ, ಚೆನ್ನೈಯಲ್ಲೂ ಇವೆ. ಬಾಯಿಪಾಠ ಹೊಸದಲ್ಲ, ಅಮರಕೋಶವನ್ನೂ ಹಿಂದಿನವರು ಹಾಗೆಯೇ ಕಲಿತರಲ್ಲ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಅಮರಸಿಂಹ ಪದಗಳನ್ನು ಜೋಡಿಸಿದ್ದು ಅರ್ಥದ ಸಂಬಂಧದಿಂದ: ನೀರಿನ ಪದಗಳು ಒಂದೆಡೆ, ಊರಿನವು ಒಂದೆಡೆ, ಕಾಡುಮರಗಳವು ಇನ್ನೊಂದೆಡೆ. ಕಲಿತವರ ತಲೆಯಲ್ಲಿ ಪದಗಳ ಜೊತೆಗೆ ಒಂದು ಲೋಕವೂ ಕೂರುತ್ತಿತ್ತು. ಅಕ್ಷರ ಎಣಿಸಿ ಮಾಡಿದ ಪಟ್ಟಿಯಲ್ಲಿ ಫಕೀರನ ಪಕ್ಕದಲ್ಲಿ ಕಾಲುವೆ ಇರುತ್ತದೆ, ಇಬ್ಬರಿಗೂ ಸಂಬಂಧವಿಲ್ಲ.

ಅಕ್ಷರದ ಹೋಲಿಕೆಯನ್ನೇ ನಂಬಿದರೆ ಮೋಸ ಹೋಗುವುದೂ ಉಂಟು. ತಲಾಖ್ ಮತ್ತು ತಾಲ್ಲೂಕು ಕಿವಿಗೆ ಅಣ್ಣತಮ್ಮಂದಿರಂತೆ ಕೇಳುತ್ತವೆ. ಅರಬ್ಬಿಯಲ್ಲಿ ಅವುಗಳ ಧಾತುಗಳೇ ಬೇರೆ. ಮೊದಲನೆಯದಕ್ಕೆ ಬಿಡುಗಡೆ ಎಂಬ ಅರ್ಥ. ಎರಡನೆಯದಕ್ಕೆ ಸಂಬಂಧ, ಒಂದಕ್ಕೆ ಸೇರಿಕೊಂಡಿರುವುದು ಎಂಬ ಅರ್ಥ.

ಪಟ್ಟಿಯನ್ನು ಹರಿದು ಹಾಕಬೇಕಿಲ್ಲ. ದಿನಕ್ಕೆ ಹತ್ತರ ಬದಲು ಒಂದೇ ಪದ ಸಾಕು. ಅದು ಎಲ್ಲಿಂದ ಬಂತು, ಮನೆಮಾತಿನಲ್ಲಿ ಅದರ ನಂಟರು ಯಾರು ಎಂದು ಮಗು ಕೇಳುವಷ್ಟು ಪುರಸೊತ್ತು ಕೊಟ್ಟರೆ ಆಯಿತು. ಮುಂಬೈಯಲ್ಲೋ ದೆಹಲಿಯಲ್ಲೋ ಬೆಳೆಯುವ ಮಗು ಕನಾತ್ ಪದದ ಬೆನ್ನು ಹತ್ತಿ ಬೀದರಿಗೆ ಬಂದರೆ, ಅದಕ್ಕೆ ಇಂಗ್ಲಿಷೂ ಸಿಕ್ಕಿತು, ಕನ್ನಡನಾಡಿನ ಒಂದು ಊರೂ ಸಿಕ್ಕಿತು. ಆ ಲಾಭದ ಮುಂದೆ 10 ಅಂಕ ಯಾವ ಲೆಕ್ಕ?