ಮೆಲ್ಬರ್ನಿನಲ್ಲಿ ಕದ ಹಾಕಿ ಆಡಿದ ಟೆನ್ನಿಸು

ಕೊರೋನಾ ಮಾರಿಯ ಕಾಲದ ಕತೆಗಳನ್ನು ಹೇಳಲು ಕುಳಿತರೆ ನಮ್ಮ ಸಂಘದ ಸಭಾಭವನ ಸಾಲದು. ಒಂದೊಂದು ಮನೆಯಲ್ಲೂ ಒಂದೊಂದು ಪುರಾಣವಿದೆ. ಆ ಪುರಾಣಗಳನ್ನು ಬದಿಗಿಟ್ಟು, ಈ ಸಲ ನಾವು ಓದುಗ ಮಹಾಶಯರನ್ನು ಸ್ವಲ್ಪ ದೂರಕ್ಕೆ, ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ನಗರಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಅಲ್ಲಿ ೨೦೨೧ನೆಯ ಇಸವಿಯ ಫೆಬ್ರವರಿ ೮ರಿಂದ ೨೧ರವರೆಗೆ ಒಂದು ಟೆನ್ನಿಸ್ ಪಂದ್ಯಾವಳಿ ನಡೆಯಿತು. ನಡೆಯಿತು ಎಂಬುದೇ ದೊಡ್ಡ ಸುದ್ದಿ. ಗೆದ್ದವರಾರು ಎಂಬುದು ಅದರ ತರುವಾಯದ ಮಾತು.

ಟೆನ್ನಿಸಿನ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಜಗತ್ತಿನ ನಾಲ್ಕು ಮಹಾ ಪಂದ್ಯಾವಳಿಗಳ ಪೈಕಿ ಪ್ಯಾರಿಸಿನದು ಕೆಂಪು ಮಣ್ಣಿನ ಮೇಲೆ, ಲಂಡನ್ನಿನದು ಹುಲ್ಲಿನ ಮೇಲೆ. ನ್ಯೂಯಾರ್ಕ್ ಮತ್ತು ಮೆಲ್ಬರ್ನಿನವು ಗಟ್ಟಿ ನೆಲದ ಮೇಲೆ; ಅಂದರೆ ಭದ್ರವಾದ ತಳದ ಮೇಲೆ ಅಕ್ರಿಲಿಕ್ ಬಣ್ಣದ ಪದರಗಳನ್ನು ಬಳಿದು ಮಾಡಿದ ಕೋರ್ಟು. ಆಸ್ಟ್ರೇಲಿಯದವರೂ ಮೊದಲು ಕೂಯಾಂಗ್ ಎಂಬಲ್ಲಿ ಹುಲ್ಲಿನ ಮೇಲೆಯೇ ಆಡುತ್ತಿದ್ದರು. ೧೯೮೮ರಲ್ಲಿ ಹೊಸ ಕ್ರೀಡಾಂಗಣಕ್ಕೆ ಬಂದ ಮೇಲೆ ಗಟ್ಟಿ ನೆಲ ಬಂತು. ಬೇಕೆಂದಾಗ ಮುಚ್ಚಿ ಬೇಕೆಂದಾಗ ತೆರೆಯುವ ಸೂರೂ ಬಂತು. ಮಳೆಗೂ ಬಿಸಿಲಿಗೂ ಸಿದ್ಧವಾಗಿದ್ದ ಆ ಸೂರಿಗೆ ರೋಗವನ್ನು ತಡೆಯುವ ಉಪಾಯ ಮಾತ್ರ ತಿಳಿದಿರಲಿಲ್ಲ.

ಮೆಲ್ಬರ್ನ್ ನಗರ ಆ ವೇಳೆಗೆ ಬಹಳ ನೊಂದಿತ್ತು. ಹೊರದೇಶಗಳಿಂದ ಬಂದವರನ್ನು ಇರಿಸಿದ್ದ ಹೋಟೆಲುಗಳಿಂದಲೇ ರೋಗ ಹೊರಬಿದ್ದು, ೨೦೨೦ರ ಜುಲೈಯಿಂದ ಅಕ್ಟೋಬರಿನವರೆಗೆ ೧೧೨ ದಿನ ಊರಿಗೆ ಊರೇ ಮನೆಯೊಳಗಿತ್ತು. ವಿಕ್ಟೋರಿಯಾ ಪ್ರಾಂತದಲ್ಲಿ ೮೦೦ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು. ಅಷ್ಟು ಕಷ್ಟಪಟ್ಟು ರೋಗವನ್ನು ಸೊನ್ನೆಗೆ ತಂದ ಜನರ ನಡುವೆ, ರೋಗ ಹಬ್ಬಿದ್ದ ದೇಶಗಳಿಂದ ೧೨೦೦ ಮಂದಿ ಆಟಗಾರರು, ತರಬೇತುದಾರರು, ಅಧಿಕಾರಿಗಳು ವಿಶೇಷ ವಿಮಾನಗಳಲ್ಲಿ ಬಂದಿಳಿಯುತ್ತಾರೆ ಎಂದರೆ ಊರವರಿಗೆ ಹೇಗನಿಸಿದ್ದೀತು? ಅದೂ ಸಾಲದೆಂಬಂತೆ, ಆಸ್ಟ್ರೇಲಿಯದವರೇ ಆದ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನ ಪರದೇಶಗಳಲ್ಲಿ ಸಿಕ್ಕಿಕೊಂಡು, ತಾಯ್ನಾಡಿಗೆ ಮರಳಲು ವಿಮಾನದಲ್ಲಿ ಜಾಗ ಸಿಗದೆ ಕಾಯುತ್ತಿದ್ದರು. ಮನೆಯ ಮಗನಿಗೆ ಬಾಗಿಲು ಹಾಕಿ, ಚೆಂಡು ಹೊಡೆಯುವ ಅತಿಥಿಗೆ ತೆರೆದಂತಾಯಿತು. ಈ ದೂರಿಗೆ ಸರಿಯಾದ ಸಮಾಧಾನವನ್ನು ಅಲ್ಲಿ ಯಾರೂ ಹೇಳಿದಂತೆ ನಮಗೆ ಕಾಣಲಿಲ್ಲ. ಪರವೂರಿನಲ್ಲಿರುವ ನಮಗೆ ಈ ದೂರಿನ ರುಚಿ ಗೊತ್ತು. ೨೦೨೦ರ ಮೇ ತಿಂಗಳಿನಲ್ಲಿ ಮುಂಬಯಿಯಿಂದ ಊರಿಗೆ ಹೊರಟವರು ಗಡಿಯಲ್ಲಿ ಕಾದುದನ್ನೂ, ಉಡುಪಿ, ಮಂಡ್ಯದ ಕಡೆ ಶಾಲೆ, ಹಾಸ್ಟೆಲುಗಳಲ್ಲಿ ದಿನಗಳನ್ನೆಣಿಸಿದುದನ್ನೂ ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ.

ಪಂದ್ಯಾವಳಿ ಜನವರಿ ೧೮ಕ್ಕೆ ಆರಂಭವಾಗಬೇಕಾಗಿದ್ದುದು ಮೂರು ವಾರ ಮುಂದೆ ಹೋಯಿತು. ಅರ್ಹತಾ ಸುತ್ತುಗಳನ್ನು ಆಸ್ಟ್ರೇಲಿಯದಲ್ಲಿ ಆಡಿಸಲಿಲ್ಲ. ಗಂಡಸರದು ದೋಹಾದಲ್ಲಿ, ಹೆಂಗಸರದು ದುಬೈಯಲ್ಲಿ ನಡೆಯಿತು. ಬಂದವರೆಲ್ಲರೂ ಹದಿನಾಲ್ಕು ದಿನ ಹೋಟೆಲಿನಲ್ಲಿರತಕ್ಕದ್ದು. ದಿನಕ್ಕೆ ಐದು ಗಂಟೆ ಮಾತ್ರ ಕಾವಲಿನಲ್ಲಿ ಹೊರಗೆ ಬಂದು ಅಭ್ಯಾಸ ಮಾಡಬಹುದು: ಇದು ನಿಯಮ. ಅಷ್ಟರಲ್ಲಿ ಲಾಸ್ ಏಂಜಲಿಸ್, ಅಬುಧಾಬಿ, ದೋಹಾಗಳಿಂದ ಬಂದ ವಿಮಾನಗಳಲ್ಲಿ ಕೆಲವರಿಗೆ ಸೋಂಕು ಇರುವುದು ತಿಳಿದುಬಂತು. ಆ ವಿಮಾನಗಳಲ್ಲಿದ್ದ ೭೨ ಮಂದಿ ಆಟಗಾರರಿಗೆ ಐದು ಗಂಟೆಯ ಸೌಕರ್ಯವೂ ತಪ್ಪಿತು. ಹದಿನಾಲ್ಕು ದಿನ ಕೋಣೆಯ ಹೊಸಿಲು ದಾಟುವಂತಿಲ್ಲ!

ಜಗತ್ತಿನ ದೊಡ್ಡ ದೊಡ್ಡ ಆಟಗಾರರು ಆಗ ಮಾಡಿದ ಸಾಹಸಗಳನ್ನು ಓದಿದರೆ ನಗು ಬರುತ್ತದೆ, ಮರುಕವೂ ಆಗುತ್ತದೆ. ಯುರುಗ್ವೆ ದೇಶದ ಪಾಬ್ಲೊ ಕ್ಯುವಾಸ್ ಹಾಸಿಗೆಯನ್ನು ಗೋಡೆಗೆ ಎತ್ತಿ ನಿಲ್ಲಿಸಿ ಅದಕ್ಕೆ ಚೆಂಡು ಹೊಡೆದನು. ಕಜಕಸ್ತಾನದ ಯೂಲಿಯಾ ಪುಟಿನ್‌ತ್ಸೇವಾ ಕೋಣೆಯೊಳಗೆ ಗೋಡೆ, ಬೀರುಗಳೇ ಎದುರಾಳಿಯೆಂಬಂತೆ ಆಡಿದಳು. ಆಕೆಯ ಕೋಣೆಗೆ ಒಂದು ಇಲಿಯೂ ಅತಿಥಿಯಾಗಿ ಬಂದು, ಅದರ ಚಿತ್ರ ಜಗತ್ತಿಗೆಲ್ಲ ಪ್ರಚಾರವಾಯಿತು. ಪಕ್ಕದ ಕೋಣೆಯವರ ನಿದ್ರೆಯ ಗತಿಯೇನಾಯಿತೋ!

ಆಗ ಸರ್ಬಿಯದ ನೊವಾಕ್ ಜೊಕೊವಿಚ್, ಜಗತ್ತಿನ ಮೊದಲನೆಯ ಆಟಗಾರ, ಒಂದು ಮನವಿಯನ್ನು ಬರೆದು ಕಳುಹಿಸಿದನು. ದಿನಗಳನ್ನು ಕಡಿಮೆ ಮಾಡಬೇಕು, ಟೆನ್ನಿಸ್ ಕೋರ್ಟಿರುವ ಖಾಸಗಿ ಮನೆಗಳಿಗೆ ಆಟಗಾರರನ್ನು ಸಾಗಿಸಬೇಕು, ಊಟ ಉತ್ತಮವಾಗಬೇಕು ಎಂದು ಮುಂತಾಗಿ. ಪ್ರಾಂತದ ಮುಖ್ಯಮಂತ್ರಿ ಡೇನಿಯಲ್ ಆಂಡ್ರೂಸ್ ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ಬೇಡಿಕೆಗಳ ಪಟ್ಟಿಯನ್ನು ಕೊಡಲು ಯಾರಿಗೂ ಅಡ್ಡಿಯಿಲ್ಲ, ಆದರೆ ಆಗುವುದಿಲ್ಲ. ಕಚೇರಿಯ ಕಡತಗಳ ನಡುವೆ ಬಾಳುವ ನಮಗೆ ಈ ಉತ್ತರ ಬಹಳ ಹಿಡಿಸಿತು. ‘ಪರಿಶೀಲನೆಯಲ್ಲಿದೆ’ ಎಂದು ಬರೆದು ಮೂರು ತಿಂಗಳು ಆಸೆ ತೋರಿಸುವುದಕ್ಕಿಂತ ಒಂದೇ ದಿನದಲ್ಲಿ ‘ಇಲ್ಲ’ ಎನ್ನುವುದು ಎಷ್ಟೋ ಉಪಕಾರ. ಆದರೂ ನ್ಯಾಯವಾಗಿ ಹೇಳುವುದಾದರೆ, ಜೊಕೊವಿಚ್ ಕೇಳಿದ್ದು ತನಗಾಗಿ ಅಲ್ಲ. ಆತನೂ, ನಡಾಲ್, ಸೆರೀನಾ ವಿಲಿಯಮ್ಸ್, ನವೋಮಿ ಒಸಾಕಾ ಮೊದಲಾದ ಅಗ್ರಗಣ್ಯರೂ ಮೆಲ್ಬರ್ನಿನಲ್ಲಿರಲಿಲ್ಲ. ಅಡಿಲೇಡ್ ನಗರದಲ್ಲಿ ಹೆಚ್ಚಿನ ಅನುಕೂಲಗಳೊಡನೆ ಇದ್ದರು. ಜನವರಿ ೨೯ರಂದು ಅಲ್ಲಿ ಪ್ರೇಕ್ಷಕರ ಮುಂದೆ ಪ್ರದರ್ಶನ ಪಂದ್ಯಗಳನ್ನೂ ಆಡಿದರು. ನಿಯಮ ಕಠಿಣವಾಗಿದ್ದುದು ತಪ್ಪಲ್ಲ. ಪಟ್ಟಿಯ ಮೇಲ್ತುದಿಯವರಿಗೆ ಒಂದು ಎಲೆ, ಕೆಳಗಿನವರಿಗೆ ಒಂದು ಎಲೆ ಹಾಕಿದ್ದು ತಪ್ಪು. ಊಟದ ಪಂಕ್ತಿಯಲ್ಲಿ ಆ ಭೇದ ಮಾಡಿದರೆ ಎಲೆ ಬಿಟ್ಟು ಏಳುವವರು ನಾವು.

ಇಷ್ಟೆಲ್ಲ ಕಷ್ಟಪಟ್ಟು ಆಡಲೇಬೇಕಾಗಿತ್ತೆ ಎಂದು ಕೇಳುವವರುಂಟು. ನಾವೂ ಮೊದಲು ಹಾಗೆಯೇ ಕೇಳಿಕೊಂಡೆವು. ಆದರೆ ೨೦೨೦ರ ಮಾರ್ಚಿಯಿಂದ ಐದು ತಿಂಗಳ ಕಾಲ ವೃತ್ತಿ ಟೆನ್ನಿಸು ಪೂರ್ತಿ ನಿಂತುಹೋಗಿತ್ತು. ನೂರನೆಯ, ನೂರೈವತ್ತನೆಯ ಸ್ಥಾನದ ಆಟಗಾರನಿಗೆ ಸಂಬಳವೆಂಬುದಿಲ್ಲ. ಆಡಿದರೆ ಉಂಟು, ಆಡದಿದ್ದರೆ ಇಲ್ಲ. ವಿಮಾನದ ಖರ್ಚು, ತರಬೇತುದಾರನ ಖರ್ಚು ಅವನದೇ. ತಿಂಗಳು ತುಂಬಿದೊಡನೆ, ಕಚೇರಿ ತೆರೆದಿರಲಿ ಮುಚ್ಚಿರಲಿ, ಸಂಬಳ ಕಂಡ ನಮ್ಮಂಥವರು ಇದನ್ನು ಹಗುರಾಗಿ ಕಾಣಬಾರದು. ಆಯೋಜಕರು ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ಗೆದ್ದವರ ಬಹುಮಾನವನ್ನು ಹಿಂದಿನ ವರ್ಷದ ೪೧ ಲಕ್ಷ ಡಾಲರಿನ ಮಟ್ಟದಿಂದ ೨೭ ಲಕ್ಷ ೫೦ ಸಾವಿರ ಆಸ್ಟ್ರೇಲಿಯಾ ಡಾಲರಿಗೆ ಇಳಿಸಿದರು; ಮೊದಲನೆಯ ಸುತ್ತಿನಲ್ಲೇ ಸೋತವರ ಸಂಭಾವನೆಯನ್ನು ೯೦ ಸಾವಿರದಿಂದ ಒಂದು ಲಕ್ಷಕ್ಕೆ ಏರಿಸಿದರು. ಬರಗಾಲದಲ್ಲಿ ಕಣಜವನ್ನು ಹೀಗೆಯೇ ಹಂಚಬೇಕು.

ಆಟಕ್ಕೆ ನಾಲ್ಕು ದಿನವಿದೆ ಎನ್ನುವಾಗ, ಫೆಬ್ರವರಿ ೪ರಂದು, ಆಟಗಾರರಿದ್ದ ಒಂದು ಹೋಟೆಲಿನ ಕೆಲಸಗಾರನೊಬ್ಬನಿಗೆ ಸೋಂಕು ಕಂಡು, ಪೂರ್ವಭಾವಿ ಪಂದ್ಯಗಳನ್ನೆಲ್ಲ ಒಂದು ದಿನ ನಿಲ್ಲಿಸಿ ಐನೂರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರು. ಒಬ್ಬರಲ್ಲೂ ರೋಗವಿರಲಿಲ್ಲ. ಫೆಬ್ರವರಿ ೮ರಂದು ಬಾಗಿಲು ತೆರೆಯಿತು. ದಿನಕ್ಕೆ ೩೦ ಸಾವಿರ ಪ್ರೇಕ್ಷಕರು ಬರಬಹುದು. ಕ್ರೀಡಾಂಗಣವನ್ನು ಮೂರು ಭಾಗ ಮಾಡಿ, ಒಂದು ಭಾಗದವರು ಇನ್ನೊಂದಕ್ಕೆ ಕಾಲಿಡಕೂಡದು ಎಂದು ಕಟ್ಟು ಮಾಡಿದ್ದರು.

ಐದನೆಯ ದಿನದ ರಾತ್ರಿಯಂತೂ ನಾಟಕದಂತಿತ್ತು. ವಿಮಾನ ನಿಲ್ದಾಣದ ಬಳಿಯ ಒಂದು ಹೋಟೆಲಿನಿಂದ ಸೋಂಕು ಹೊರಬಿದ್ದಿತ್ತು. ಟೆನ್ನಿಸಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ ಫೆಬ್ರವರಿ ೧೨ರ ನಡುರಾತ್ರಿಯಿಂದ ಐದು ದಿನ ಇಡೀ ಪ್ರಾಂತದಲ್ಲಿ ಎಲ್ಲರೂ ಮನೆಯೊಳಗೇ ಇರತಕ್ಕದ್ದೆಂದು ಸರಕಾರ ಹುಕುಂ ಹೊರಡಿಸಿತು. ಟೆನ್ನಿಸ್ ಆಡಬಹುದು, ನೋಡುವಂತಿಲ್ಲ. ಆ ರಾತ್ರಿ ಒಂದು ಕೋರ್ಟಿನಲ್ಲಿ ಆಸ್ಟ್ರೇಲಿಯದ ಹುಡುಗ ನಿಕ್ ಕಿರ್ಗಿಯೊಸ್ ಆಸ್ಟ್ರಿಯದ ಡೊಮಿನಿಕ್ ಥೀಮನ ಮೇಲೆ ಎರಡು ಸೆಟ್ಟು ಗೆದ್ದು ಮುಂದಿದ್ದನು. ಗಂಟಲು ಹರಿಯುವಂತೆ ಕೂಗುತ್ತಿದ್ದ ಜನರ ಮುಂದೆಯೇ ಥೀಮ್ ಮೂರು ಸೆಟ್ಟು ಗೆದ್ದು ಪಂದ್ಯವನ್ನು ಕಸಿದುಕೊಂಡನು. ಇನ್ನೊಂದು ಕೋರ್ಟಿನಲ್ಲಿ ಜೊಕೊವಿಚ್, ಅಮೆರಿಕದ ಟೇಲರ್ ಫ್ರಿಟ್ಸ್. ನಾಲ್ಕನೆಯ ಸೆಟ್ಟು ನಡೆಯುತ್ತಿತ್ತು. ಗಂಟೆ ಹನ್ನೊಂದೂವರೆಯಾದೊಡನೆ ಆಟ ನಿಲ್ಲಿಸಿ, ಜನರೆಲ್ಲ ಏಳಬೇಕು ಎಂದರು. ಯಕ್ಷಗಾನದಲ್ಲಿ ಕಾಳಗದ ನಡುವೆ ಚೆಂಡೆ ನಿಲ್ಲಿಸಿ ಸಭಿಕರನ್ನು ಮನೆಗೆ ಅಟ್ಟಿದಂತೆ! ಜನ ಗೊಣಗಿದರು, ಅಣಕಿಸಿ ಕೂಗಿದರು, ಎದ್ದೂ ಹೋದರು. ಬಳಿಕ ಬರಿಯ ಕುರ್ಚಿಗಳ ಮುಂದೆ, ಹೊಟ್ಟೆಯ ಪಕ್ಕದಲ್ಲಿ ನೋವಿದ್ದರೂ, ಜೊಕೊವಿಚ್ ಐದನೆಯ ಸೆಟ್ಟನ್ನು ೬–೨ರಿಂದ ಗೆದ್ದನು.

ಮುಂದಿನ ಐದು ದಿನ ಚೆಂಡಿನ ಸದ್ದು, ಬೂಟಿನ ಕೀರಲು, ಆಟಗಾರರ ಉಸಿರು ಇಷ್ಟೇ. ಆ ಮೌನದಲ್ಲೇ ಒಸಾಕಾ ಸ್ಪೇನಿನ ಮುಗುರುಸಾಳ ಎದುರು ಸೋಲಿನ ಎರಡು ಅಂಕಗಳನ್ನು ತಪ್ಪಿಸಿಕೊಂಡು ಉಳಿದಳು. ಆ ಮೌನದಲ್ಲೇ ಗ್ರೀಸಿನ ಸಿಟ್ಸಿಪಾಸ್ ಎರಡು ಸೆಟ್ಟು ಸೋತ ಮೇಲೆ ನಡಾಲನನ್ನು ಕೆಡವಿದನು. ಎರಡು ಸೆಟ್ಟು ಗೆದ್ದು ನಡಾಲ್ ಮಹಾ ಪಂದ್ಯಾವಳಿಯಲ್ಲಿ ಸೋತುದು ಅದು ಎರಡನೆಯ ಸಲ ಮಾತ್ರ. ಬೊಬ್ಬೆಯಿದ್ದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೆ? ನಡಾಲನ ಅಭಿಮಾನಿಯೊಬ್ಬರು ನಮ್ಮೊಡನೆ ಇಂದಿಗೂ ವಾದಿಸುತ್ತಾರೆ. ನಮಗೆ ಹಾಗೆನಿಸದು.

ಫೆಬ್ರವರಿ ೧೮ಕ್ಕೆ ಜನ ಮರಳಿದರು. ದೋಹಾದ ಅರ್ಹತಾ ಸುತ್ತು ದಾಟಿ ಬಂದ, ೧೧೪ನೆಯ ಸ್ಥಾನದ ರಷ್ಯದ ಅಸ್ಲಾನ್ ಕರಾತ್ಸೆವ್ ತನ್ನ ಮೊತ್ತಮೊದಲನೆಯ ಮಹಾ ಪಂದ್ಯಾವಳಿಯಲ್ಲೇ ಉಪಾಂತ್ಯ ಮುಟ್ಟಿದ್ದನು. ವೃತ್ತಿಗಾರರಿಗೆ ಬಾಗಿಲು ತೆರೆದ ೧೯೬೮ರಿಂದ ಈಚೆಗೆ ಯಾವ ಗಂಡಸೂ ಹಾಗೆ ಮಾಡಿರಲಿಲ್ಲ. ಹೆಂಗಸರ ಕೊನೆಯ ಪಂದ್ಯದಲ್ಲಿ ಒಸಾಕಾಳ ಎದುರು ನಿಂತವಳು ಅಮೆರಿಕದ ಜೆನಿಫರ್ ಬ್ರೇಡಿ. ಹದಿನಾಲ್ಕು ದಿನ ಹೊಸಿಲು ದಾಟದ ೭೨ ಮಂದಿಯಲ್ಲಿ ಒಬ್ಬಳು. ೬–೪, ೬–೩ರಿಂದ ಸೋತಳು ನಿಜ. ಆದರೆ ಕೋಣೆಯಲ್ಲಿ ಕುಳಿತು ಗೊಣಗಿದವರ ಹೆಸರುಗಳನ್ನು ನಾವು ಮರೆತರೂ, ಈ ಹೆಸರು ನೆನಪಿನಲ್ಲಿದೆ. ಗಂಡಸರಲ್ಲಿ ಜೊಕೊವಿಚ್ ಮೆಡ್ವೆಡೆವನನ್ನು ೭–೫, ೬–೨, ೬–೨ರಿಂದ ಸೋಲಿಸಿ ಅಲ್ಲಿ ಒಂಬತ್ತನೆಯ ಸಲ ಗೆದ್ದನು. ಮರುವರ್ಷ ಲಸಿಕೆಯ ತಕರಾರಿನಲ್ಲಿ ಅದೇ ದೇಶ ಅವನ ವೀಸಾ ರದ್ದು ಮಾಡಿ ೨೦೨೨ರ ಜನವರಿ ೧೬ರಂದು ಹೊರಗೆ ಕಳುಹಿಸಿತು. ಆ ಪ್ರಸಂಗಕ್ಕೆ ಬೇರೆ ಸಂಚಿಕೆಯೇ ಬೇಕು.

ಇನ್ನೊಂದು ಸಂಗತಿಯತ್ತ ಆಗ ಹೆಚ್ಚು ಮಂದಿ ಗಮನ ಕೊಡಲಿಲ್ಲ. ಕೋರ್ಟಿನ ಸುತ್ತ ಬಗ್ಗಿ ನಿಂತು ಚೆಂಡು ಗೆರೆಯ ಹೊರಗೆ ಬಿತ್ತೆಂದು ಕೂಗುವ ಪಂಚರು ಆ ಸಲ ಒಂದು ಕೋರ್ಟಿನಲ್ಲೂ ಇರಲಿಲ್ಲ. ಜನರ ಸಂಖ್ಯೆ ಕಡಿಮೆಯಾಗಲೆಂದು ಆ ಕೆಲಸವನ್ನು ಕ್ಯಾಮೆರಾಗಳಿಗೆ ಒಪ್ಪಿಸಿದ್ದರು. ಯಂತ್ರಕ್ಕೆ ಕೊಟ್ಟ ಕಂಠ ಮಾತ್ರ ಮನುಷ್ಯರದೇ. ರೋಗದ ಕಾಲದಲ್ಲಿ ಮುಂದೆ ನಿಂತು ದುಡಿದವರ ಧ್ವನಿಗಳನ್ನು ಮುದ್ರಿಸಿ ಹಾಕಿದ್ದರು. ಮಹಾ ಪಂದ್ಯಾವಳಿಯೊಂದು ಪೂರ್ತಿಯಾಗಿ ಹೀಗೆ ನಡೆದುದು ಅದೇ ಮೊದಲು. ತಾತ್ಕಾಲಿಕ ಏರ್ಪಾಡೆಂಬುದು ಎಷ್ಟು ವರ್ಷ ಬಾಳುತ್ತದೆಂಬುದನ್ನು ಯಾವ ಗುಮಾಸ್ತನನ್ನಾದರೂ ಕೇಳಿ. ರೋಗ ಹೋಯಿತು, ಪಂಚರು ಮೆಲ್ಬರ್ನಿಗೆ ಮರಳಲಿಲ್ಲ. ನ್ಯೂಯಾರ್ಕಿನಲ್ಲೂ ಹಾಗೆಯೇ ಆಯಿತು. ೧೮೭೭ರಲ್ಲಿ ಆರಂಭವಾದ ವಿಂಬಲ್ಡನ್ನಿನವರೂ ೨೦೨೫ರಲ್ಲಿ ಸುಮಾರು ೩೦೦ ಮಂದಿಯ ಆ ಪಡೆಯನ್ನು ಬಿಟ್ಟರು. ಪ್ಯಾರಿಸಿನಲ್ಲಿ ಮಾತ್ರ ಆ ವರ್ಷವೂ ಅವರು ನಿಂತಿದ್ದರು. ಅಲ್ಲಿ ಚೆಂಡು ಬಿದ್ದ ಗುರುತು ಮಣ್ಣಿನ ಮೇಲೆ ಉಳಿಯುತ್ತದಲ್ಲ.

ನಮ್ಮವರ ಮಾತನ್ನು ಹೇಳದೆ ಮುಗಿಸಿದರೆ ಓದುಗರು ಬಿಟ್ಟಾರೆ? ಕೊಡಗಿನ ರೋಹನ್ ಬೋಪಣ್ಣ ಆ ವರ್ಷ ಅಲ್ಲಿದ್ದರು. ಜಪಾನಿನ ಬೆನ್ ಮೆಕ್ಲಾಕ್ಲನ್ ಜೊತೆಯಲ್ಲಿ ಡಬಲ್ಸ್ ಆಡಿ, ಮೊದಲನೆಯ ಸುತ್ತಿನಲ್ಲೇ ಕೊರಿಯದ ಜೋಡಿಗೆ ಸೋತರು. ವಯಸ್ಸು ಆಗಲೇ ನಲವತ್ತು. ಇನ್ನು ಸಾಕು ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮೂರು ವರ್ಷಗಳ ತರುವಾಯ, ೨೦೨೪ರ ಜನವರಿ ೨೭ರಂದು, ಅದೇ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಇಟಲಿಯ ಬೊಲೆಲ್ಲಿ, ವವಸ್ಸೋರಿಯರನ್ನು ೭–೬, ೭–೫ರಿಂದ ಸೋಲಿಸಿ ಗಂಡಸರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಆಗ ಅವರಿಗೆ ೪೩. ೧೯೬೮ರಿಂದ ಈಚೆಗೆ ಅಷ್ಟು ವಯಸ್ಸಿನಲ್ಲಿ ಗಂಡಸರ ಡಬಲ್ಸ್ ಮಹಾ ಪ್ರಶಸ್ತಿಯನ್ನು ಗೆದ್ದವರು ಇನ್ನೊಬ್ಬರಿರಲಿಲ್ಲ. ಆ ದಿನ ಪ್ರೇಕ್ಷಕರನ್ನು ಯಾರೂ ಎಬ್ಬಿಸಲಿಲ್ಲ.