ರಸ್ತೆ ಬದಲಾದಾಗ ವರ್ತಕನೇನು ಮಾಡಬೇಕು?

ಕಾರನ್ನು ಕೊಠಡಿಯ ಬಾಗಿಲಲ್ಲೇ ನಿಲ್ಲಿಸಿ ತಂಗಬಹುದಾದ ರಸ್ತೆಬದಿಯ ವಸತಿಗೃಹಕ್ಕೆ ಅಮೆರಿಕದಲ್ಲಿ ಮೋಟೆಲ್ ಎನ್ನುವರು. ಅರಿಝೋನಾ ರಾಜ್ಯದ ಹಾಲ್‌ಬ್ರೂಕ್ ಎಂಬ ಸಣ್ಣ ಊರಿನಲ್ಲಿ, 66ನೆಯ ಹೆದ್ದಾರಿಯ ಬದಿಯಲ್ಲಿ, ಚೆಸ್ಟರ್ ಲೂಯಿಸ್ ಎಂಬುವರು 1950ರಲ್ಲಿ ಕಟ್ಟಿದ ವಿಗ್‌ವಾಮ್ ಮೋಟೆಲ್‌ನ ವೃತ್ತಾಂತವು ನಮ್ಮ ವರ್ತಕ ಬಾಂಧವರು ತಿಳಿಯಬೇಕಾದದ್ದು. ಮೂಲನಿವಾಸಿಗಳ ಗುಡಾರದಾಕಾರದ ಕಾಂಕ್ರೀಟಿನ 15 ಕೊಠಡಿಗಳು, ಅಷ್ಟೇ.

ವಿನ್ಯಾಸವು ಕೆಂಟಕಿಯ ಫ್ರಾಂಕ್ ರೆಡ್‌ಫೋರ್ಡ್ ಅವರದು. ಅದಕ್ಕೆ ತೆರಬೇಕಾದ ರಾಯಧನದ ಏರ್ಪಾಡು ಲೆಕ್ಕಪರಿಶೋಧಕನಾದ ನನಗೆ ಬಹಳ ಹಿಡಿಸಿತು. ಕೊಠಡಿಗಳಲ್ಲಿ ನಾಣ್ಯ ಹಾಕಿ ಕೇಳುವ ರೇಡಿಯೋ ಇತ್ತು. 10 ಸೆಂಟಿಗೆ ಅರ್ಧ ಗಂಟೆ. ಆ ನಾಣ್ಯಗಳೇ ರೆಡ್‌ಫೋರ್ಡರ ಪಾಲು. ಅತಿಥಿ ಬಾರದ ದಿನ ರಾಯಧನವೂ ಇಲ್ಲ! ಲಕ್ಷಾಂತರ ರೂಪಾಯಿ ಮುಂಗಡ ತೆತ್ತು ಫ್ರಾಂಚೈಸಿ ಪಡೆಯಹೊರಟಿರುವ ನಮ್ಮ ತರುಣ ಉದ್ಯಮಿಗಳು ಸಹಿ ಹಾಕುವ ಮುನ್ನ ಇದನ್ನು ನೆನೆಯಲಿ.

ಮುಂದೆ 40ನೆಯ ಅಂತರರಾಜ್ಯ ಹೆದ್ದಾರಿಯು ಊರನ್ನು ಬಳಸಿ ಹೋಯಿತು. 1970ರ ದಶಕದಲ್ಲಿ ಕೊಠಡಿಗಳು ಮುಚ್ಚಿದವು. 1985ರಲ್ಲಿ 66 ಎಂಬ ಸಂಖ್ಯೆಯೇ ಅಧಿಕೃತವಾಗಿ ರದ್ದಾಯಿತು. ಲೂಯಿಸ್ 1986ರಲ್ಲಿ ತೀರಿಕೊಂಡರು. ಅವರ ಮಕ್ಕಳು ದುರಸ್ತಿ ಮಾಡಿಸಿ 1988ರಲ್ಲಿ ಮತ್ತೆ ಬಾಗಿಲು ತೆರೆದರು. ಕೊಠಡಿಗಳ ಆಕಾರವನ್ನು ಅವರು ಮುಟ್ಟಲಿಲ್ಲ. ಅದನ್ನು ನೋಡಲೆಂದೇ ಜನ ಬಂದರು.

ಆದರೆ ಹೋದ ದಾರಿಹೋಕರನ್ನು ಒಂದು ಅಂಗಡಿ ಮರಳಿ ಕರೆತರಲಾರದು. ಅದೇ ರಸ್ತೆಯಲ್ಲಿ ಪಶ್ಚಿಮಕ್ಕಿರುವ ಸೆಲಿಗ್ಮನ್ ಊರಿಗೆ 1978ರ ಸೆಪ್ಟೆಂಬರ್ 22ರಂದು ಬೈಪಾಸ್ ಆಯಿತು. ಅಲ್ಲಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಲೊ ಮತ್ತು ಇತರ ವ್ಯಾಪಾರಸ್ಥರು 1987ರಲ್ಲಿ ಸಂಘ ಕಟ್ಟಿ, ಸರ್ಕಾರವನ್ನು ಒತ್ತಾಯಿಸಿ, ಹಳೆಯ ರಸ್ತೆಗೆ ಐತಿಹಾಸಿಕ ಮಾರ್ಗವೆಂಬ ಮನ್ನಣೆ ಪಡೆದರು.

2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥವು ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಬದಿಗಿಟ್ಟಿತು. ಭೂಮಿ ಕಳೆದುಕೊಂಡವನಿಗೆ ಪರಿಹಾರವುಂಟು, ಗಿರಾಕಿ ಕಳೆದುಕೊಂಡವನಿಗಿಲ್ಲ. ಇಂತಹ ಸಂದರ್ಭದಲ್ಲಿ ಒಬ್ಬೊಬ್ಬರೇ ಸಾಲ ತಂದು ಮುಂಭಾಗಕ್ಕೆ ಗಾಜು ಹಾಕಿಸುವುದು ವ್ಯರ್ಥ. ನನ್ನ ಕಕ್ಷಿದಾರರೊಬ್ಬರು ಬೇರೊಂದು ಬೈಪಾಸಿನ ಪಕ್ಕ ಹಾಗೆ ಮಾಡಿ, ಈಗಲೂ ಬಡ್ಡಿ ಕಟ್ಟುತ್ತಿದ್ದಾರೆ. ಬದಲಿಗೆ ಮೂರೂ ಊರುಗಳ ವರ್ತಕರು ಒಂದೇ ಮನವಿಯಡಿ ಸಹಿ ಹಾಕಿ, ಗೊಂಬೆ, ರೇಷ್ಮೆ, ವಡೆಗಳ ಹೆಸರುಳ್ಳ ದೊಡ್ಡ ಫಲಕಗಳನ್ನು ಪ್ರತಿ ನಿರ್ಗಮನದಲ್ಲೂ ಹಾಕಿಸುವಂತೆ ಹೆದ್ದಾರಿ ಪ್ರಾಧಿಕಾರವನ್ನು ಕೇಳಲಿ. ಕರಡು ಸಿದ್ಧಪಡಿಸಿಕೊಡಲು ನಾನು ಶುಲ್ಕ ಪಡೆಯುವುದಿಲ್ಲ.