ಯುವ ಅಂಗಳ: ಚಳಿಗಾಲದಲ್ಲಿ ಬರಿಗಾಲ ಓಟ



ದೀಪಾವಳಿ ಮುಗಿಯಿತು, ರಾಜ್ಯೋತ್ಸವದ ಗದ್ದಲವೂ ಮುಗಿಯಿತು. ದೆಹಲಿಯಲ್ಲಿ ಈಗ ಪೆಟ್ಟಿಗೆಯೊಳಗಿನ ರಜಾಯಿಗಳು ಹೊರಗೆ ಬರುವ ಕಾಲ. ಬೆಳಗ್ಗೆ ಹಾಸಿಗೆ ಬಿಟ್ಟು ಏಳುವುದೇ ಒಂದು ಸಾಹಸ. ಇಂಥ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ಸಂಘದ ಕಾರ್ಯಕ್ರಮದ ದಿನ ಸುತ್ತುಗಟ್ಟಿ ಕೇಳಿದ ಪ್ರಶ್ನೆ ಇದು: "ಅಂಕಲ್, ಬರಿಗಾಲಲ್ಲಿ ಓಡೋದು ಒಳ್ಳೇದಂತೆ. ಈ ಚಳಿಯಲ್ಲೇ ಶುರು ಮಾಡಬಹುದಾ?" ಪಕ್ಕದಲ್ಲೇ ನಿಂತಿದ್ದ ಒಬ್ಬ ತಾಯಿಯ ಉತ್ತರ ನನಗಿಂತ ಮೊದಲೇ ಬಂತು: "ಹುಚ್ಚೇನಾದ್ರೂ ಹಿಡಿದಿದೆಯೇನೋ? ಶೀತ ಆಗುತ್ತೆ!"

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ನೆಗಡಿ ಬರುವುದು ವೈರಾಣುವಿನಿಂದ, ಕಾಲು ತಣ್ಣಗಾದ ಮಾತ್ರಕ್ಕೆ ಅಲ್ಲ. ಆದರೆ ತಾಯಿಯ ಭಯಕ್ಕೆ ಬೇರೆ ಆಧಾರಗಳಿವೆ. ಅವನ್ನು ಈ ಬಾರಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ನಮ್ಮ ಮನೆಯಿಂದಲೇ ಶುರು ಮಾಡೋಣ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಬರಬೇಕೆಂದು ನಿಮಗೆ ಯಾರೂ ಪಾಠ ಹೇಳಿಕೊಡಲಿಲ್ಲ. ನೋಡಿ ಕಲಿತಿರಿ. ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಕೆಂಪು ಗಾರೆ ನೆಲದ ತಂಪು ನಿಮ್ಮ ಅಂಗಾಲಿಗೆ ಗೊತ್ತು. ಹಾಗಾಗಿ ಬರಿಗಾಲು ನಮಗೆ ಹೊಸದಲ್ಲ ಎಂದು ನೀವು ಹೇಳಬಹುದು. ನಡೆಯುವುದಕ್ಕಾದರೆ ಸರಿ. ಓಡುವಾಗ ಲೆಕ್ಕ ಬೇರೆ. ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಒಂದೇ ಪಾದದ ಮೇಲೆ ಬೀಳುತ್ತದೆ. 60 ಕಿಲೋ ತೂಗುವ ಹುಡುಗನ ಪಾದ ಪ್ರತಿ ಸಲ 120ರಿಂದ 180 ಕಿಲೋ ಭಾರ ತಡೆಯಬೇಕು. ಆ ಪಾದದಲ್ಲಿರುವುದು 26 ಸಣ್ಣ ಮೂಳೆಗಳು. ಹುಟ್ಟಿದಂದಿನಿಂದ ಮೆತ್ತನೆ ಬೂಟಿನೊಳಗೆ ಬೆಳೆದ ಪಾದಕ್ಕೆ ಒಂದೇ ದಿನ ಈ ಕೆಲಸ ವಹಿಸಿದರೆ ಅದು ಮುಷ್ಕರ ಹೂಡುತ್ತದೆ.

ಹಾಗಾದರೆ ಬರಿಗಾಲ ಓಟದಲ್ಲಿ ಗುಣವೇ ಇಲ್ಲವೇ? ಖಂಡಿತ ಇದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲೇ ಮ್ಯಾರಥಾನ್ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಚಿನ್ನ ಗೆದ್ದರು. 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೂಟು ಹಾಕಿ ಓಡುವವರಲ್ಲಿ ಹೆಚ್ಚಿನವರು ಮೊದಲು ಹಿಮ್ಮಡಿ ಊರುತ್ತಾರೆ. ಬರಿಗಾಲಲ್ಲೇ ಓಡಿ ಅಭ್ಯಾಸವಾದವರು ಸಾಮಾನ್ಯವಾಗಿ ಬೆರಳುಗಳ ಬುಡವನ್ನು ಮೊದಲು ಊರಿ, ನೆಲಕ್ಕೆ ಮೊದಲು ತಾಗುವಾಗಿನ ಪೆಟ್ಟನ್ನು ತಗ್ಗಿಸಿಕೊಳ್ಳುತ್ತಾರೆ ಎಂದು ಅವರು ತೋರಿಸಿದರು. ಕಾರಣ ಸರಳ. ಬರಿ ಹಿಮ್ಮಡಿಯನ್ನು ಗಟ್ಟಿ ನೆಲಕ್ಕೆ ಕುಟ್ಟಿದರೆ ನೋಯುತ್ತದೆ. ನೋವೇ ಮೇಷ್ಟ್ರು. ಹೆಜ್ಜೆ ಚಿಕ್ಕದಾಗುತ್ತದೆ, ಮೊಣಕಾಲು ತುಸು ಬಾಗುತ್ತದೆ, ಓಟ ಸದ್ದಿಲ್ಲದಂತಾಗುತ್ತದೆ.

ಆದರೆ ಕಥೆಯ ಇನ್ನರ್ಧವನ್ನೂ ಕೇಳಿ. ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿ ಓಡಿ ಮತ್ತೆ ಚಿನ್ನ ಗೆದ್ದರು, ಅದೂ ಮೊದಲಿಗಿಂತ ವೇಗವಾಗಿ. ಬರಿಗಾಲು ಅವರಿಗೆ ವ್ರತವಾಗಿರಲಿಲ್ಲ. 2013ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ 36 ಓಟಗಾರರನ್ನು 10 ವಾರ ಗಮನಿಸಿದರು. ಅವರಲ್ಲಿ ಕೆಲವರು ಬರಿಗಾಲಿಗೆ ಸಮೀಪವಾದ ತೆಳು ಬೂಟಿಗೆ ಬದಲಾಗಿದ್ದರು. ಹೀಗೆ ಬದಲಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಪಾದದ ಮೂಳೆಯೊಳಗೆ ಬಾವಿನ ಗುರುತು ಕಂಡಿತು. ಮೂಳೆ ಬಿರುಕು ಬಿಡುವುದಕ್ಕೆ ಮುಂಚಿನ ಎಚ್ಚರಿಕೆ ಅದು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಮ್ಮ ಕಡೆಯ ಉದಾಹರಣೆಯನ್ನೂ ನೀವು ಕೊಟ್ಟಿರಿ: ಕಂಬಳ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ನಿಮ್ಮ ಉತ್ತರ ಭಾರತದ ಗೆಳೆಯರಿಗೆ ಆ ವಿಡಿಯೋ ತೋರಿಸಿ ಹೆಮ್ಮೆಪಟ್ಟವರು ನೀವು. ಹೆಮ್ಮೆ ಪಡಬೇಕಾದ್ದೇ. ಆದರೆ ಅದು ಕೆಸರು ಗದ್ದೆಯ ಓಟ. ಮುಂದೆ ಕೋಣಗಳ ಎಳೆತವಿರುತ್ತದೆ, ಅಡಿಯಲ್ಲಿ ನೀರು ತುಂಬಿದ ಮೆತ್ತನೆ ಮಣ್ಣಿರುತ್ತದೆ. ಕರಾವಳಿಯ ಚಳಿಗಾಲವೆಂದರೆ ದೆಹಲಿಯ ಲೆಕ್ಕದಲ್ಲಿ ಒಳ್ಳೆಯ ವಸಂತಕಾಲ! ರಿಂಗ್ ರೋಡಿನ ಡಾಂಬರಿಗೆ ಅದನ್ನು ಹೋಲಿಸಲಾಗದು.

ಚಳಿಗೂ ಬರಿಗಾಲಿಗೂ ಇರುವ ಸಂಬಂಧ ತಿಳಿಯಬೇಕಾದರೆ ಕಂಬಳಕ್ಕಿಂತ ಹೆಲ್ಸಿಂಕಿಯ ಕಥೆ ಉತ್ತಮ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಫುಟ್‌ಬಾಲ್ ತಂಡದ ಬಹುತೇಕ ಆಟಗಾರರು ಬರಿಗಾಲಲ್ಲೇ ಆಡಿ, ಫ್ರಾನ್ಸ್ ವಿರುದ್ಧ 2-1ರಿಂದ ಮಾತ್ರ ಸೋತು ಎಲ್ಲರ ಮೆಚ್ಚುಗೆ ಗಳಿಸಿದ್ದರು. ನಾಲ್ಕು ವರ್ಷದ ನಂತರ, 1952ರಲ್ಲಿ, ಹೆಲ್ಸಿಂಕಿಯ ತಣ್ಣನೆಯ ಮೈದಾನದಲ್ಲಿ ಯುಗೊಸ್ಲಾವಿಯ ವಿರುದ್ಧ 10-1ರಿಂದ ಸೋತರು. ಆಗಲೂ ಹಲವರು ಬರಿಗಾಲಲ್ಲೇ ಇದ್ದರು. ಭಾರತದ ಆ ಒಂದೇ ಒಂದು ಗೋಲು ಹೊಡೆದ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. ಎದುರಾಳಿ ತಂಡ ಬಲಿಷ್ಠವಾಗಿತ್ತು ನಿಜ. ಸೋಲಿಗೆ ಕಾಲೊಂದೇ ಕಾರಣವಲ್ಲ. ಆದರೂ ಅಲ್ಲಿಂದ ಬಂದ ಮೇಲೆ ನಮ್ಮ ಫುಟ್‌ಬಾಲ್ ಸಂಸ್ಥೆ ಬೂಟು ಕಡ್ಡಾಯ ಮಾಡಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಊರಿನ ನೆಲದಲ್ಲಿ ವರವಾಗಿದ್ದ ಬರಿಗಾಲು ತಣ್ಣನೆಯ ನೆಲದಲ್ಲೂ ವರವಾಗಿಯೇ ಇರಬೇಕೆಂದಿಲ್ಲ.

ಯಾಕೆ ಹೀಗೆ? ಚಳಿಯಾದಾಗ ದೇಹ ಜಿಪುಣನಾಗುತ್ತದೆ. ಹೃದಯ, ಶ್ವಾಸಕೋಶ, ಮೆದುಳುಗಳನ್ನು ಬೆಚ್ಚಗಿಡಲು ಕೈಕಾಲುಗಳ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಪಾದಕ್ಕೆ ಬಿಸಿ ರಕ್ತ ಕಡಿಮೆಯಾಗುತ್ತದೆ, ನರಗಳು ಮಂಕಾಗುತ್ತವೆ, ಕಾಲು ಮರಗಟ್ಟುತ್ತದೆ. ನೆಲ ಒದ್ದೆಯಾಗಿದ್ದರೆ ಇನ್ನೂ ಬೇಗ, ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಇಬ್ಬನಿ ಬಿದ್ದ ಹುಲ್ಲು ನೋಡಲು ಚೆಂದ, ಮೆತ್ತಗೂ ಇರುತ್ತದೆ. ಆದರೆ ಜನವರಿಯ ಬೆಳಗ್ಗೆ ಒಣಗಿದ ಕಾಂಕ್ರೀಟಿಗಿಂತ ಅದೇ ಹೆಚ್ಚು ಕೊರೆಯುತ್ತದೆ.

ಈಗ ಮೇಲಿನ ಮಾತನ್ನು ನೆನಪಿಸಿಕೊಳ್ಳಿ. ಬರಿಗಾಲ ಓಟದಲ್ಲಿ ನೋವೇ ಮೇಷ್ಟ್ರು ಎಂದೆ. ಚಳಿ ಮೊದಲು ಮಾಡುವ ಕೆಲಸ ಆ ಮೇಷ್ಟ್ರ ಬಾಯಿ ಮುಚ್ಚಿಸುವುದು! ಗಾಜಿನ ಚೂರು ಚುಚ್ಚಿದರೂ ತಿಳಿಯದು, ಹಿಮ್ಮಡಿ ಕುಟ್ಟಿದರೂ ತಿಳಿಯದು. "ಈವತ್ತು ಸ್ವಲ್ಪವೂ ನೋಯಲಿಲ್ಲ, ನಾನು ಗಟ್ಟಿಯಾದೆ" ಎಂದುಕೊಂಡು ಮನೆಗೆ ಬಂದು, ಕಾಲು ಬೆಚ್ಚಗಾದ ಮೇಲೆ ನೋಡಿದರೆ ನೆಲದ ಮೇಲೆ ರಕ್ತದ ಗುರುತು. ಚಳಿಯಲ್ಲಿ ಹೊಸಬರು ಮೋಸ ಹೋಗುವುದು ಇಲ್ಲೇ.

ಹಾಗೆಂದು ಫೆಬ್ರವರಿ ಕೊನೆಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಚಳಿಗಾಲದಲ್ಲಿ ಹೆಚ್ಚು ಓಡಲು ಆಗುವುದಿಲ್ಲವಾದ್ದರಿಂದ, ಸ್ವಲ್ಪ ಸ್ವಲ್ಪವೇ ಕಲಿಯುವ ಶಿಸ್ತು ತಾನಾಗಿ ಬರುತ್ತದೆ. ಕ್ರಮ ಹೀಗಿರಲಿ.

ಮೊದಲ ಎರಡು ವಾರ ಓಟವೇ ಬೇಡ. ಮನೆಯಲ್ಲಿ, ಬಿಸಿಲಿದ್ದಾಗ ಟೆರೇಸಿನಲ್ಲಿ, ಬರಿಗಾಲಲ್ಲಿ 10-15 ನಿಮಿಷ ನಡೆಯಿರಿ. ಗೋಡೆ ಹಿಡಿದು ತುದಿಗಾಲಲ್ಲಿ ನಿಂತು ಇಳಿಯುವುದನ್ನು ದಿನಕ್ಕೆ ಇಪ್ಪತ್ತು ಸಲ ಮಾಡಿ. ಮುಂದೆ ಹೆಚ್ಚಿನ ಕೆಲಸ ಬೀಳುವುದು ಮೀನಖಂಡಕ್ಕೆ ಮತ್ತು ಹಿಮ್ಮಡಿಯ ಮೇಲಿನ ನರಕಟ್ಟಿಗೆ.

ಮೂರನೆಯ ವಾರದಿಂದ ದಿನ ಬಿಟ್ಟು ದಿನ ಓಡಿ. ಮೊದಲು ಬೂಟು ಹಾಕಿಯೇ 10-15 ನಿಮಿಷ ಓಡಿ ಮೈ ಬಿಸಿ ಮಾಡಿಕೊಳ್ಳಿ. ಟೋಪಿ, ಕೈಗವಸು, ಸ್ವೆಟರ್ ಇರಲಿ. ಎದೆ, ತಲೆ ಬೆಚ್ಚಗಿದ್ದರೆ ದೇಹ ಪಾದಕ್ಕೂ ಧಾರಾಳವಾಗಿ ರಕ್ತ ಕಳಿಸುತ್ತದೆ. ಆಮೇಲೆ ಬೂಟು ಕಳಚಿ, ಸ್ವಚ್ಛವಾದ ಒಣ ನೆಲದಲ್ಲಿ ಎರಡೇ ನಿಮಿಷ ಓಡಿ. ಪ್ರತಿ ವಾರ ಒಂದು ನಿಮಿಷ ಸೇರಿಸಿ, ಹೆಚ್ಚು ಬೇಡ. ಡಿಸೆಂಬರಿನಲ್ಲಿ ಶುರು ಮಾಡಿದವರು ಹೋಳಿ ಹೊತ್ತಿಗೆ ಹತ್ತು ನಿಮಿಷದ ಆಸುಪಾಸು ಬಂದಿರುತ್ತಾರೆ. ಅಷ್ಟು ಸಾಕೇ ಎಂದು ಕೇಳಬೇಡಿ. ಬೇಕಾದಷ್ಟಾಯಿತು.

ಹೆಜ್ಜೆ ಚಿಕ್ಕದಾಗಿ, ಚುರುಕಾಗಿ ಇರಲಿ. ಬೆರಳುಗಳ ಬುಡ ಮೊದಲು ಊರಿ, ಹಿಮ್ಮಡಿ ಆಮೇಲೆ ಮೆಲ್ಲಗೆ ತಾಗಲಿ. ಹಿಮ್ಮಡಿ ಊರದೆ ನೃತ್ಯಗಾರರಂತೆ ತುದಿಗಾಲಲ್ಲೇ ಓಡಬೇಡಿ. ಬಿಟ್ಟ ಬೂಟಿನಿಂದ ದೂರ ಹೋಗದೆ ಅದರ ಸುತ್ತಲೇ ಓಡಿ, ಬೇಕೆಂದ ಕೂಡಲೇ ಹಾಕಿಕೊಳ್ಳಬಹುದು. ಎರಡು ನಿಮಿಷಕ್ಕೊಮ್ಮೆ ನಿಂತು ಅಂಗಾಲನ್ನು ಉಗುರಿನಿಂದ ಗೀರಿ ನೋಡಿ. ಸ್ಪಷ್ಟವಾಗಿ ಗೊತ್ತಾದರೆ ಸರಿ. ಮಂಕಾಗಿದ್ದರೆ ಅವತ್ತಿಗೆ ಪಾಠ ಮುಗಿಯಿತು, ಕಾಲೊರೆಸಿ ಒಣ ಕಾಲುಚೀಲ ಹಾಕಿ.

ಹೊತ್ತು ಯಾವುದು? ದೆಹಲಿಯ ಜನವರಿಯ ಬೆಳಗು ಕಲಿಯುವವರಿಗಲ್ಲ. 2021ರ ಜನವರಿ 1ರಂದು ಸಫ್ದರ್‌ಜಂಗ್‌ನಲ್ಲಿ ಉಷ್ಣಾಂಶ 1.1 ಡಿಗ್ರಿಗೆ ಇಳಿದಿತ್ತು. 10 ಡಿಗ್ರಿಗಿಂತ ಕಡಿಮೆ ಇದ್ದರೆ ಹೊಸಬರು ಬೂಟಿನಲ್ಲೇ ಇರುವುದು ಕ್ಷೇಮ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ಬಿಸಿಲು ನಿಮ್ಮದು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಚಳಿಯ ಬೆಳಗಿನಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆಯನ್ನೆಲ್ಲ ಹಿಡಿದಿಟ್ಟಿರುತ್ತದೆ. ಬಿಸಿಲು ಏರಿದಂತೆ ಅದು ಮೇಲೆದ್ದು ಸ್ವಲ್ಪ ಚದುರುತ್ತದೆ. ಗಾಳಿಯ ಗುಣಮಟ್ಟದ ಸೂಚ್ಯಂಕ ಫೋನಿನಲ್ಲೇ ಸಿಗುತ್ತದಲ್ಲ, ನೋಡಿಕೊಳ್ಳಿ. 200 ದಾಟಿದ್ದರೆ ಅದು 'ಕಳಪೆ' ಗಾಳಿ. ಆ ದಿನ ಬೂಟೂ ಬೇಡ, ಬರಿಗಾಲೂ ಬೇಡ, ಮನೆಯೊಳಗೇ ವ್ಯಾಯಾಮ ಮಾಡಿ. ಕಾಲು ಗಟ್ಟಿಮಾಡಲು ಹೋಗಿ ಶ್ವಾಸಕೋಶ ಕೆಡಿಸಿಕೊಳ್ಳುವುದು ಜಾಣತನವಲ್ಲ.

ಮನೆಗೆ ಬಂದ ಮೇಲೆ ಮರಗಟ್ಟಿದ ಕಾಲನ್ನು ಹೀಟರಿಗೆ ಒಡ್ಡಬೇಡಿ, ಬಿಸಿ ನೀರಿಗೂ ಅದ್ದಬೇಡಿ. ಸುಟ್ಟದ್ದೂ ಗೊತ್ತಾಗುವುದಿಲ್ಲ. ಉಗುರುಬೆಚ್ಚಗಿನ ನೀರು ಸಾಕು. ಬೆರಳು ಕೆಂಪಾಗಿ ಊದಿ ತುರಿಸತೊಡಗಿದರೆ ಅದು ಒದ್ದೆ ಚಳಿಯ ಕಾಟ, ವಾಸಿಯಾಗುವವರೆಗೆ ಬರಿಗಾಲು ನಿಲ್ಲಿಸಿ. ಹಿಮ್ಮಡಿ ಒಡೆಯದಂತೆ ರಾತ್ರಿ ಎಣ್ಣೆ ಹಚ್ಚಿ. ಊರಿನಿಂದ ತಂದ ಕೊಬ್ಬರಿ ಎಣ್ಣೆ ಇಲ್ಲಿ ಕಲ್ಲಾಗಿ ಕೂತಿರುತ್ತದೆ, ಬಾಟಲಿಯನ್ನು ಬಿಸಿಲಿಗಿಟ್ಟರೆ ಕರಗುತ್ತದೆ. ಇಲ್ಲವೇ ಎಳ್ಳೆಣ್ಣೆ ಇದೆ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ಕಳೆದಿದ್ದರೆ ಮೊದಲು ಅದನ್ನು ಹಾಕಿಸಿಕೊಳ್ಳಿ. ಪಾದದ ಮೇಲ್ಭಾಗದಲ್ಲಿ ಒಂದೇ ಜಾಗದಲ್ಲಿ ಒತ್ತಿದರೆ ನೋವಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನಿಮ್ಮ ಉತ್ಸಾಹ ನೋಡಿ ಅಪ್ಪನೋ ಅಜ್ಜನೋ ಜೊತೆಗೆ ಹೊರಟಾರು. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಬೂಟು ಬಿಚ್ಚಲು ಬಿಡಲೇಬೇಡಿ. ಅವರ ಪಾದದ ಸಣ್ಣ ಗಾಯವೂ ದೊಡ್ಡದಾಗಬಲ್ಲದು.

ಅಜ್ಜನ ಮಾತು ಬಂದದ್ದರಿಂದ ಕೊನೆಯದಾಗಿ ಒಂದು ಮಾತು. ನಿಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಮೈಲಿಗಟ್ಟಲೆ ಬರಿಗಾಲಲ್ಲಿ ಶಾಲೆಗೆ ನಡೆದವರು. ಅದು ವ್ಯಾಯಾಮವಾಗಿರಲಿಲ್ಲ, ಚಪ್ಪಲಿ ಕೊಳ್ಳಲು ದುಡ್ಡಿರಲಿಲ್ಲ, ಅಷ್ಟೇ. ಮಕ್ಕಳಿಗೆ ಒಳ್ಳೆಯ ಬೂಟು ಕೊಡಿಸಬೇಕೆಂದೇ ಅವರ ಮಕ್ಕಳು, ಅಂದರೆ ನಿಮ್ಮ ತಂದೆ ತಾಯಿಯರು, ಊರು ಬಿಟ್ಟು ಇಷ್ಟು ದೂರ ಬಂದರು. ಅಂಥ ತಾಯಿಗೆ ಮಗ ಬೂಟು ಕಳಚಿಟ್ಟು ಓಡುತ್ತೇನೆಂದರೆ ಕಸಿವಿಸಿಯಾಗುವುದು ಶೀತದ ಭಯಕ್ಕೆ ಮಾತ್ರವಲ್ಲ. ಅವರೊಡನೆ ವಾದ ಮಾಡುವ ಬದಲು ಕೂತು ಕೇಳಿ: ನೀವು ಯಾವ ವಯಸ್ಸಿಗೆ ಮೊದಲ ಬೂಟು ಹಾಕಿದಿರಿ? ಯಾರು ಕೊಡಿಸಿದರು? ಓಟದಿಂದ ಸಿಗದ ಏನೋ ಒಂದು ಆ ಉತ್ತರದಲ್ಲಿ ಸಿಕ್ಕೀತು. ಹಾಗೆಯೇ, ನೀವು ಪಾರ್ಕಿನಲ್ಲಿ ಇಷ್ಟಪಟ್ಟು ಬೂಟು ಬಿಚ್ಚುವ ಹೊತ್ತಿನಲ್ಲೇ ಗೇಟಿನ ಹೊರಗೆ ಹರಕು ಚಪ್ಪಲಿಯಲ್ಲಿ ಇಟ್ಟಿಗೆ ಹೊರುವವರಿದ್ದಾರೆ. ಅವರಿಗೆ ಈ ಆಯ್ಕೆ ಇಲ್ಲ. ನಿಮ್ಮ ಮನೆಯಲ್ಲಿ ಚಿಕ್ಕದಾದ, ಆದರೆ ಹರಿಯದ ಬೂಟುಗಳಿದ್ದರೆ ತೊಳೆದು ಒಣಗಿಸಿ ಕೊಟ್ಟುಬಿಡಿ. ಚಳಿ ಮುಗಿದ ಮೇಲೆ ಬೇಡ, ಈಗಲೇ.

ಓಡಿ ನೋಡಿ, ನಿಮ್ಮ ಅನುಭವ ಬರೆದು ಕಳಿಸಿ. ಕನ್ನಡದಲ್ಲಿ ಬರೆಯಿರಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ, ತಿದ್ದಲು ನಾವಿದ್ದೇವೆ. ಅದೂ ಬರಿಗಾಲ ಓಟದ ಹಾಗೆಯೇ: ಮೊದಲ ದಿನ ಎರಡು ಸಾಲು, ಮುಂದಿನ ವಾರ ಮೂರು.